ಮೇವಿನ ತಾಕು: ಎಟಿವಿ ಎಳೆಯುವ ಉಪಕರಣಗಳಿಂದ ನೆಲ ಹದಗೊಳಿಸುವಿಕೆ

ಮೇವಿನ ತಾಕು ಎಂದರೆ ಕಾಡುಪ್ರಾಣಿಗಳೂ ಕಾಡುಹಕ್ಕಿಗಳೂ ಮೇಯಲೆಂದೇ ಬಿತ್ತಿ ಬೆಳೆಸುವ, ಮನುಷ್ಯರು ಕೊಯ್ಲು ಮಾಡದ ಸಣ್ಣ ಜಮೀನು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಖಾಸಗಿ ಕಾಡು, ಹುಲ್ಲುಗಾವಲು ಮತ್ತು ಹೊಲದಂಚುಗಳ ಮಾಲೀಕರು ಬಿಳಿಬಾಲದ ಜಿಂಕೆ, ಕಾಡು ಟರ್ಕಿ ಕೋಳಿ, ಬಾಬ್‌ವೈಟ್ ಬುರಲಿ ಹಕ್ಕಿ ಮತ್ತು ಬೆಳವಗಳಿಗಾಗಿ ಇಂಥ ತಾಕುಗಳನ್ನು ಮಾಡುತ್ತಾರೆ. ಇವುಗಳಲ್ಲಿ ಹಲವು ಹತ್ತು ಗುಂಟೆಯಿಂದ ಎರಡು ಎಕರೆಯೊಳಗಿನವು. ಮರಗಳ ನಡುವೆ, ಟ್ರ್ಯಾಕ್ಟರ್ ಹೋಗಲಾರದ ಕಡೆ ಇರುವ ತಾಕುಗಳನ್ನು ಎಟಿವಿ ಎಂಬ ನಾಲ್ಕು ಚಕ್ರದ ಸಣ್ಣ ವಾಹನಕ್ಕೆ ಕುಂಟೆ ಕಟ್ಟಿ ಹದಮಾಡುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಈ ಲೇಖನದ ವಿಷಯ ಆ ಪದ್ಧತಿ.

ಪದಬಳಕೆ

ಎಟಿವಿ ಎಂದರೆ ಸವಾರನು ಕುದುರೆಯ ಮೇಲೆ ಕೂತಂತೆ ಕಾಲು ಚಾಚಿ ಕೂತು, ಹ್ಯಾಂಡಲ್ ಹಿಡಿದು ಓಡಿಸುವ, ಗಾಳಿ ಒತ್ತಡ ಕಡಿಮೆಯಿರುವ ಅಗಲ ಟೈರಿನ ವಾಹನ. ಪಕ್ಕಪಕ್ಕ ಕೂರುವ ಆಸನ, ಸ್ಟಿಯರಿಂಗ್ ಚಕ್ರ ಮತ್ತು ಹಿಂದೆ ಸಾಮಾನು ತೊಟ್ಟಿ ಇರುವುದನ್ನು ಯುಟಿವಿ ಎನ್ನುತ್ತಾರೆ. ಎರಡಕ್ಕೂ ಒಂದೇ ಬಗೆಯ ಉಪಕರಣಗಳನ್ನು ಕಟ್ಟಬಹುದು. ಯುಟಿವಿ ಹೆಚ್ಚು ತೂಕದ್ದಾದ್ದರಿಂದ ಅದರ ಎಳೆತ ಹೆಚ್ಚು.

ತಾಕುಗಳಲ್ಲಿ ಎರಡು ಬಗೆ. ವರ್ಷದ ಬಹುಭಾಗ ಆಹಾರ ಒದಗಿಸಲು ಬೆಳೆಸುವುದು ಪೋಷಣೆ ತಾಕು. ಬೇಟೆಯ ಋತುವಿನಲ್ಲಿ ಪ್ರಾಣಿಯನ್ನು ಕಾಡಿನಂಚಿನಿಂದ ಬಯಲಿಗೆ ಸೆಳೆಯಲು ಬೆಳೆಸುವುದು ಬೇಟೆ ತಾಕು. ಪೋಷಣೆ ತಾಕು ದೊಡ್ಡದಿದ್ದಷ್ಟೂ ಒಳ್ಳೆಯದು. ಬೇಟೆ ತಾಕು ಚಿಕ್ಕದಾಗಿ, ಮರೆಯಲ್ಲಿ ಇರುವುದು ರೂಢಿ. ಎಟಿವಿಯಿಂದ ಮಾಡುವ ತಾಕುಗಳು ಬಹುಪಾಲು ಎರಡನೆಯ ಬಗೆಗೆ ಸೇರುತ್ತವೆ. ಇಲ್ಲಿ ಬಳಸಿರುವ ಹದ ಎಂಬ ಪದಕ್ಕೆ ನಮ್ಮ ರೈತರು ಕೊಡುವ ಅರ್ಥವೇ ಇದೆ: ಮಣ್ಣು ಮುದ್ದೆಯೂ ಆಗದೆ ಹೆಂಟೆಯೂ ಆಗದೆ, ಕೈಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳಿಂದ ಒತ್ತಿದರೆ ಉದುರುವ ಸ್ಥಿತಿ.

ಹಿನ್ನೆಲೆ

ಬೇಟೆಹಕ್ಕಿಗಳಿಗೆಂದು ಕಾಳು ಬಿತ್ತುವ ರೂಢಿ ಅಮೆರಿಕದ ದಕ್ಷಿಣ ರಾಜ್ಯಗಳ ದೊಡ್ಡ ಎಸ್ಟೇಟುಗಳಲ್ಲಿ ಎಟಿವಿಗಿಂತ ಬಹಳ ಹಿಂದಿನಿಂದ ಇತ್ತು. ಜಾರ್ಜಿಯಾ ಮತ್ತು ಫ್ಲಾರಿಡಾಗಳ ಗಡಿಯ ಎಸ್ಟೇಟುಗಳಲ್ಲಿ ಅಧ್ಯಯನ ಮಾಡಿದ ಹರ್ಬರ್ಟ್ ಸ್ಟಾಡರ್ಡ್ 1931ರಲ್ಲಿ ಬಾಬ್‌ವೈಟ್ ಹಕ್ಕಿಯ ಕುರಿತ ಗ್ರಂಥವನ್ನು ಪ್ರಕಟಿಸಿದರು. 1933ರಲ್ಲಿ ಆಲ್ಡೊ ಲಿಯೊಪೋಲ್ಡ್ ಅವರ ‘ಗೇಮ್ ಮ್ಯಾನೇಜ್‌ಮೆಂಟ್’ ಬಂತು. ಬೇಟೆಯ ಪ್ರಾಣಿಗಳನ್ನು ಕಾನೂನಿನಿಂದ ಕಾಯುವುದಷ್ಟೇ ಸಾಲದು, ಅವುಗಳ ಆಹಾರವನ್ನೂ ಆಸರೆಯನ್ನೂ ನೆಲದ ಮೇಲೆ ಬೆಳೆಸಬೇಕು ಎಂಬ ವಿಚಾರ ಈ ಎರಡು ಕೃತಿಗಳಿಂದ ಶಾಸ್ತ್ರದ ರೂಪ ಪಡೆಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಮೀಸಲಿಟ್ಟಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಳಿವಿನಂಚಿಗೆ ಬಂದು ಕೆಲವು ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ ಶತಮಾನದ ಕೊನೆಗೆ ಸುಮಾರು 3 ಕೋಟಿಗೆ ಏರಿತು. ಸಂಖ್ಯೆ ಹೆಚ್ಚಿದಂತೆ ಜಿಂಕೆಗಳ ಆರೋಗ್ಯ, ವಯಸ್ಸು ಮತ್ತು ಕೊಂಬಿನ ಬೆಳವಣಿಗೆಯ ಕಡೆಗೆ ಭೂಮಾಲೀಕರ ಗಮನ ಹರಿಯಿತು. ಅಲ್ ಬ್ರದರ್ಸ್ ಮತ್ತು ಮರ್ಫಿ ರೇ 1975ರಲ್ಲಿ ಟೆಕ್ಸಸ್‌ನ ಅನುಭವದ ಮೇಲೆ ಬರೆದ ಪುಸ್ತಕ ಈ ತಿರುವಿಗೆ ಕಾರಣವಾಯಿತು. 1988ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಕ್ವಾಲಿಟಿ ಡೀರ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಹುಟ್ಟಿತು. 2020ರಲ್ಲಿ ಅದು ಇನ್ನೊಂದು ಸಂಸ್ಥೆಯೊಡನೆ ಸೇರಿ ನ್ಯಾಷನಲ್ ಡೀರ್ ಅಸೋಸಿಯೇಷನ್ ಆಯಿತು.

ವಾಹನದ ಚರಿತ್ರೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಹೋಂಡಾ 1970ರಲ್ಲಿ ಮೂರು ಚಕ್ರದ ಎಟಿವಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಸುಜುಕಿಯ ನಾಲ್ಕು ಚಕ್ರದ ಕ್ವಾಡ್‌ರನ್ನರ್ 1982ರಲ್ಲಿ ಬಂತು. ಅಮೆರಿಕದ್ದೇ ಆದ ಪೊಲಾರಿಸ್ 1985ರಲ್ಲಿ ಈ ಕ್ಷೇತ್ರಕ್ಕೆ ಇಳಿಯಿತು. ಮಗುಚಿ ಬೀಳುವ ಅಪಘಾತಗಳು ಹೆಚ್ಚಿದ್ದರಿಂದ 1988ರಲ್ಲಿ ಸರ್ಕಾರ ಮತ್ತು ತಯಾರಕರ ನಡುವೆ ನ್ಯಾಯಾಲಯದಲ್ಲಿ ಒಪ್ಪಂದವಾಗಿ ಹೊಸ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. ಆಮೇಲೆ ಬಂದ ನಾಲ್ಕೂ ಚಕ್ರಕ್ಕೆ ಚಾಲನೆಯಿರುವ, 400 ಸಿಸಿ ಮೀರಿದ ವಾಹನಗಳೇ ಕುಂಟೆ ಎಳೆಯಲು ಯೋಗ್ಯವಾದವು.

ಎಳೆತ ಮತ್ತು ಅದರ ಮಿತಿ

ಎಟಿವಿಯ ಎಂಜಿನ್ ಶಕ್ತಿ 25ರಿಂದ 50 ಅಶ್ವಶಕ್ತಿಯವರೆಗೂ ಇರಬಹುದು. ಅದು ಸಣ್ಣ ಟ್ರ್ಯಾಕ್ಟರಿಗೆ ಸಮ. ಆದರೂ ಟ್ರ್ಯಾಕ್ಟರ್ ಎಳೆಯುವುದನ್ನು ಎಟಿವಿ ಎಳೆಯಲಾರದು. ಎಳೆತವನ್ನು ನಿರ್ಧರಿಸುವುದು ಎಂಜಿನ್ ಮಾತ್ರವಲ್ಲ, ಚಕ್ರದ ಮೇಲೆ ಕೂತ ತೂಕ ಮತ್ತು ಟೈರು ನೆಲವನ್ನು ಹಿಡಿಯುವ ಬಲ. 300 ಕಿಲೊ ತೂಕದ ಎಟಿವಿಯ ಮೇಲೆ 90 ಕಿಲೊದ ಸವಾರ ಕೂತರೆ ಒಟ್ಟು 390 ಕಿಲೊ. ಗಟ್ಟಿ ಮಣ್ಣಿನ ಮೇಲೆ ಅದರ ಅರ್ಧದಷ್ಟು, ಎಂದರೆ 190 ಕಿಲೊ ಆಸುಪಾಸಿನ ಎಳೆತ ದೊರೆತರೆ ಹೆಚ್ಚು. ಸಡಿಲ ಮಣ್ಣಿನಲ್ಲಿ ಇದು ಇನ್ನೂ ಕುಗ್ಗುತ್ತದೆ, ಟೈರು ಜಾರಿ ತಿರುಗತೊಡಗುತ್ತದೆ. ಒಂದು ಜೋಡಿ ಎತ್ತು ಬಿಡುವಿಲ್ಲದೆ ಎಳೆಯಬಲ್ಲದ್ದು ತನ್ನ ಮೈತೂಕದ ಹತ್ತನೆಯ ಒಂದು ಭಾಗ, ಸುಮಾರು 70-80 ಕಿಲೊ ಎಂದು ಲೆಕ್ಕ. ಹೀಗೆ ನೋಡಿದರೆ ಎಟಿವಿ ಸೇರುವುದು ಟ್ರ್ಯಾಕ್ಟರಿನ ಸಾಲಿಗಿಂತ ಎತ್ತುಗಳ ಸಾಲಿಗೆ ಹತ್ತಿರ: ಎರಡು ಜೋಡಿಯ ಬಲ, ಹೆಚ್ಚಿನ ವೇಗ.

ಇನ್ನೊಂದು ಮಿತಿ ಶಕ್ತಿಯನ್ನು ಸಾಗಿಸುವ ಕ್ರಮದಲ್ಲಿದೆ. ಟ್ರ್ಯಾಕ್ಟರಿನ ಹಿಂದೆ ಇರುವ, ಎಂಜಿನ್ನಿನ ಶಕ್ತಿಯಿಂದ ತಿರುಗಿ ಉಪಕರಣವನ್ನು ನಡೆಸುವ ಪಿಟಿಒ ದಂಡ ಎಟಿವಿಗಿಲ್ಲ. ಆದ್ದರಿಂದ ರೊಟವೇಟರ್‌ನಂತೆ ತಿರುಗಿ ಕೆಲಸ ಮಾಡುವ ಉಪಕರಣಕ್ಕೆ ಸ್ವಂತ ಎಂಜಿನ್ ಬೇಕು. ಅನೇಕ ಎಟಿವಿಗಳಲ್ಲಿ ಹಂತಹಂತದ ಗೇರುಗಳ ಬದಲು ರಬ್ಬರ್ ಬೆಲ್ಟಿನ ಸಿವಿಟಿ ವ್ಯವಸ್ಥೆಯಿದೆ. ಕಡಿಮೆ ವೇಗದಲ್ಲಿ ಭಾರ ಎಳೆದರೆ ಬೆಲ್ಟು ಕಾದು ಜಾರುತ್ತದೆ, ಸುಟ್ಟು ಕಿತ್ತುಹೋಗುವುದೂ ಉಂಟು. ಕುಂಟೆ ಎಳೆಯುವಾಗ ಲೋ ಶ್ರೇಣಿಯಲ್ಲಿಯೇ ಓಡಿಸಬೇಕೆಂಬ ನಿಯಮಕ್ಕೆ ಕಾರಣ ಇದು. ಧೂಳು ಮತ್ತು ಹುಲ್ಲಿನ ಬೀಜ ರೇಡಿಯೇಟರಿನ ಜಾಲರಿಯನ್ನು ಮುಚ್ಚುವುದರಿಂದ ಕೆಲಸದ ನಡುವೆ ಅದನ್ನು ತೆಗೆದು ಉಜ್ಜಬೇಕಾಗುತ್ತದೆ.

ಉಪಕರಣಗಳು

ಡಿಸ್ಕ್ ಕುಂಟೆ. ಈ ಬೇಸಾಯದ ಮುಖ್ಯ ಸಾಧನ ಇದೇ. ಬಟ್ಟಲಿನಂತೆ ಒಳಬಾಗಿದ ಉಕ್ಕಿನ ತಟ್ಟೆಗಳನ್ನು ಒಂದು ಅಚ್ಚಿಗೆ ಪೋಣಿಸಿ, ಅಚ್ಚನ್ನು ಸಾಗುವ ದಿಕ್ಕಿಗೆ ತುಸು ಓರೆಯಾಗಿ ನಿಲ್ಲಿಸಿರುತ್ತಾರೆ. ತಟ್ಟೆ ಉರುಳುತ್ತಾ ಮಣ್ಣನ್ನು ಕತ್ತರಿಸಿ ಪಕ್ಕಕ್ಕೆ ಹೊರಳಿಸುತ್ತದೆ. ಎಟಿವಿಯ ಡಿಸ್ಕ್ ಕುಂಟೆಗಳು ಸುಮಾರು 4 ಅಡಿ ಅಗಲ ಇರುತ್ತವೆ. ತಟ್ಟೆಯ ವ್ಯಾಸ 11ರಿಂದ 16 ಅಂಗುಲ. ಒಂದೇ ಸಾಲಿನ ಕುಂಟೆ ಮಣ್ಣನ್ನು ಒಂದೇ ಕಡೆಗೆ ಎಸೆದು ಅಂಚಿನಲ್ಲಿ ದಿಬ್ಬ ಉಳಿಸುತ್ತದೆ. ಎರಡು ಸಾಲಿನ ಕುಂಟೆಯಲ್ಲಿ ಮುಂದಿನ ಸಾಲು ಹೊರಕ್ಕೆ ಎಸೆದ ಮಣ್ಣನ್ನು ಹಿಂದಿನ ಸಾಲು ಒಳಕ್ಕೆ ತರುವುದರಿಂದ ನೆಲ ಸಮವಾಗುತ್ತದೆ. ಅಂಚಿನಲ್ಲಿ ಕಚ್ಚು ಇರುವ ತಟ್ಟೆ ಬೇರು, ಕಸಗಳನ್ನು ಕಡಿಯಲು ಮೇಲು. ನುಣುಪು ಅಂಚಿನದು ಈಗಾಗಲೇ ಬಿರಿದ ಮಣ್ಣನ್ನು ಪುಡಿಮಾಡಲು ತಕ್ಕದ್ದು.

ಡಿಸ್ಕ್ ಕುಂಟೆಗೂ ನೇಗಿಲಿಗೂ ಇರುವ ಭೇದ ಇಲ್ಲಿ ನಿರ್ಣಾಯಕ. ನೇಗಿಲಿನ ಗುಳ ಓರೆಯಾಗಿ ನಾಟಿಕೊಂಡಿರುವುದರಿಂದ ಎಳೆದಷ್ಟೂ ತಾನೇ ನೆಲಕ್ಕೆ ಇಳಿಯುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಅದು ತನ್ನ ತೂಕದಿಂದಷ್ಟೇ ಇಳಿಯಬೇಕು. ಎಟಿವಿ ಎಳೆಯಬಲ್ಲ 100-180 ಕಿಲೊದ ಕುಂಟೆ ಹುಲ್ಲು ಹಬ್ಬಿದ ಗಟ್ಟಿ ನೆಲದ ಮೇಲೆ ಗೀರುತ್ತಾ ಹೋಗುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕುಂಟೆಯ ಚೌಕಟ್ಟಿನ ಮೇಲೆ ಕಾಂಕ್ರೀಟ್ ಇಟ್ಟಿಗೆ ಅಥವಾ ಮರಳು ಚೀಲ ಹೇರುವುದು, ಅಚ್ಚಿನ ಓರೆಯನ್ನು ಹೆಚ್ಚಿಸುವುದು ಇದಕ್ಕೆ ಪರಿಹಾರ. ಆದರೆ ತೂಕವೂ ಓರೆಯೂ ಹೆಚ್ಚಿದಂತೆ ಎಳೆಯಲು ಬೇಕಾದ ಬಲವೂ ಹೆಚ್ಚಿ, ಒಂದು ಹಂತದಲ್ಲಿ ವಾಹನದ ಟೈರು ಜಾರುತ್ತದೆ. ಆ ಹಂತವೇ ಆ ನೆಲದಲ್ಲಿ ಆ ವಾಹನದ ಮಿತಿ. ಸಾಮಾನ್ಯವಾಗಿ ದೊರೆಯುವ ಆಳ 2ರಿಂದ 4 ಅಂಗುಲ. ಮೇವಿನ ತಾಕಿನ ಬೀಜಗಳನ್ನು ಕಾಲು ಅಂಗುಲದಿಂದ ಒಂದು ಅಂಗುಲದವರೆಗಿನ ಆಳದಲ್ಲಿ ಬಿತ್ತುವುದರಿಂದ ಇಷ್ಟು ಸಾಕು.

ಹಲ್ಲುಕುಂಟೆ. ಬಾಗಿದ ಸ್ಪ್ರಿಂಗ್ ಉಕ್ಕಿನ ಹಲ್ಲುಗಳು ಮಣ್ಣಿನಲ್ಲಿ ಅದುರುತ್ತಾ ಸಾಗಿ ಬೇರುಗಳನ್ನು ಮೇಲೆತ್ತುತ್ತವೆ. ನಮ್ಮ ಹಲುಬೆಯ ಕೆಲಸಕ್ಕೆ ಇದು ಸಮೀಪ. ಕಲ್ಲು ನೆಲದಲ್ಲಿ ಡಿಸ್ಕ್ ಕುಪ್ಪಳಿಸುವ ಕಡೆ ಇದು ಉಪಯುಕ್ತ.

ಒಂಟಿ ನೇಗಿಲು. ಮಣ್ಣನ್ನು ಮಗುಚುವ ಒಂದು ಗುಳದ ನೇಗಿಲುಗಳನ್ನೂ ಎಟಿವಿಗೆ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಸಾಲು ಸಿಗುವುದರಿಂದ ಹತ್ತು ಗುಂಟೆ ಮೀರಿದರೆ ಇದರ ಬಳಕೆ ಪ್ರಯೋಜನಕಾರಿಯಲ್ಲ.

ಎಂಜಿನ್ ಟಿಲ್ಲರ್. ಸ್ವಂತ ಎಂಜಿನ್ನಿನಿಂದ ತಿರುಗುವ ಕತ್ತಿಗಳಿರುವ, ಚಕ್ರದ ಮೇಲೆ ಸಾಗುವ ಟಿಲ್ಲರನ್ನು ಎಟಿವಿ ಎಳೆಯುತ್ತದೆ. ಇದರಲ್ಲಿ ಕತ್ತಿಗಳೇ ಮಣ್ಣನ್ನು ಕೊರೆಯುವುದರಿಂದ ಎಳೆತದ ಮಿತಿ ಬಾಧಿಸುವುದಿಲ್ಲ, ನೆಲ ಒಂದೆರಡು ಸುತ್ತಿನಲ್ಲೇ ಪುಡಿಯಾಗುತ್ತದೆ. ಬೆಲೆ ಹೆಚ್ಚು, ಕಲ್ಲು ಬೇರುಗಳಿಗೆ ಬೇಗ ಕೆಡುತ್ತದೆ; ಅತಿಯಾಗಿ ಪುಡಿಯಾದ ಮಣ್ಣು ಮಳೆ ಬಿದ್ದಾಗ ಮೇಲ್ಪದರ ಕಟ್ಟಿ ಸಣ್ಣ ಮೊಳಕೆಗಳನ್ನು ತಡೆಯುತ್ತದೆ.

ಸರಪಳಿ ಕುಂಟೆ. ಕಬ್ಬಿಣದ ಬಲೆಯಂತಿರುವ ಇದನ್ನು ಎಳೆದರೆ ಹೆಂಟೆ ಒಡೆದು ನೆಲ ಮಟ್ಟವಾಗುತ್ತದೆ, ಚೆಲ್ಲಿದ ಬೀಜದ ಮೇಲೆ ತೆಳುವಾಗಿ ಮಣ್ಣು ಬೀಳುತ್ತದೆ.

ಕಲ್ಟಿಪ್ಯಾಕರ್. ಏಣುಗಳಿರುವ ಭಾರದ ಎರಕದ ಉರುಳೆ. ಹೊಸದಾಗಿ ತಾಕು ಮಾಡುವವರು ಕೊಳ್ಳದೆ ಬಿಡುವ ಸಾಧನ ಇದು. ಕಾಲು ಅಂಗುಲ ಆಳದ ಬೀಜಗಳ ಮಟ್ಟಿಗೆ ಡಿಸ್ಕಿಗಿಂತ ಇದೇ ಮುಖ್ಯ. ಸಡಿಲ ಮಣ್ಣಿನಲ್ಲಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡದಂಥವುಗಳ ಸಣ್ಣ ಬೀಜ ಕೆಳಗೆ ಜಾರಿ ಹುಗಿದುಹೋಗುತ್ತದೆ, ಇಲ್ಲವೆ ಸುತ್ತ ಗಾಳಿ ತುಂಬಿ ಒಣಗುತ್ತದೆ. ಉರುಳೆ ಬೀಜವನ್ನು ಮಣ್ಣಿಗೆ ಒತ್ತಿ, ಕೆಳಗಿನ ತೇವ ಮೇಲೇರುವಂತೆ ಮಾಡುತ್ತದೆ.

ಇವುಗಳ ಜೊತೆಗೆ ವಾಹನದ ಹಿಂದಿನ ಕ್ಯಾರಿಯರ್ ಮೇಲೆ ಕೂರುವ 12 ವೋಲ್ಟಿನ ಬೀಜ ಎರಚುಕ ಮತ್ತು ಔಷಧ ಸಿಂಪಡಿಕೆಯ ಟ್ಯಾಂಕು ಇರುತ್ತವೆ. ಡಿಸ್ಕ್, ಬೀಜಪೆಟ್ಟಿಗೆ, ಉರುಳೆ ಮೂರನ್ನೂ ಒಂದೇ ಚೌಕಟ್ಟಿಗೆ ಜೋಡಿಸಿದ ಸಂಯುಕ್ತ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಪ್ಲಾಟ್‌ಮಾಸ್ಟರ್ ಇದರ ಪರಿಚಿತ ಉದಾಹರಣೆ.

ಉಪಕರಣವನ್ನು ವಾಹನಕ್ಕೆ ಸೇರಿಸುವ ರೀತಿ ಎರಡು. ಸ್ವಂತ ಚಕ್ರಗಳ ಮೇಲೆ ಬರುವ ಉಪಕರಣವನ್ನು ಚೆಂಡು ಕೊಂಡಿಗೋ ಪಿನ್ನಿಗೋ ಸಿಕ್ಕಿಸಿ ಎಳೆಯುತ್ತಾರೆ. ಇನ್ನೊಂದು ಬಗೆಯಲ್ಲಿ ವಾಹನದ ಹಿಂಬದಿಯ ಚೌಕ ಕೊಳವೆಗೆ ಉಪಕರಣವನ್ನು ತೂರಿಸಿ, ವಿದ್ಯುತ್ ಎತ್ತುಗದಿಂದ ಏರಿಳಿಸುತ್ತಾರೆ. ಎಳೆಯುವ ಬಗೆ ಹೆಚ್ಚು ಭಾರ ತಾಳುತ್ತದೆ, ಆದರೆ ಕಿರಿದಾದ ತಾಕಿನ ಮೂಲೆಗಳಲ್ಲಿ ಹಿಂದೆ ಸರಿಯುವುದು ಕಷ್ಟ. ಎತ್ತುವ ಬಗೆ ಕಾಡುದಾರಿಯಲ್ಲಿ ಸುಲಭವಾಗಿ ಸಾಗುತ್ತದೆ.

ಸ್ಥಳ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ನಾಲ್ಕೈದು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ, ಇಳಿಜಾರು ಕಡಿಮೆಯಿರುವ ಜಾಗ ಬೇಕು. ಮರ ಸಾಗಿಸಿದ ಹಳೆಯ ದಾರಿಗಳು, ಮರ ಕಡಿದು ಪೇರಿಸುತ್ತಿದ್ದ ಬಯಲುಗಳು, ಬಿಟ್ಟುಹೋದ ಹೊಲಗಳ ಮೂಲೆಗಳು ರೂಢಿಯ ಆಯ್ಕೆಗಳು. ಮರದಡಿಯ ತಾಕಿನಲ್ಲಿ ನೆರಳಿನ ಜೊತೆಗೆ ಮರದ ಬೇರು ನೀರು ಹೀರುವುದೂ ದೊಡ್ಡ ಅಡ್ಡಿ.

ಅಮೆರಿಕದ ಪೂರ್ವಭಾಗದ ಕಾಡುಮಣ್ಣು ಬಹುಪಾಲು ಆಮ್ಲೀಯ. ಕ್ಲೋವರ್ ಮುಂತಾದವಕ್ಕೆ ಪಿಎಚ್ 6ರಿಂದ 7ರೊಳಗೆ ಇರಬೇಕು. ಆಮ್ಲ ಹೆಚ್ಚಿದ ಮಣ್ಣಿನಲ್ಲಿ ರಂಜಕ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ದಕ್ಕುವುದಿಲ್ಲ. ದ್ವಿದಳ ಸಸ್ಯಗಳ ಬೇರುಗಂಟಿನ ರೈಜೋಬಿಯಂ ಸೂಕ್ಷ್ಮಾಣುಗಳೂ ಸೊರಗುತ್ತವೆ. ಹಾಕಿದ ಗೊಬ್ಬರದ ದೊಡ್ಡ ಪಾಲು ವ್ಯರ್ಥವಾಗುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮತ್ತು ಸುಣ್ಣ ಕುಂಟೆಗಿಂತ ಮೊದಲಿನ ಹೆಜ್ಜೆಗಳು. ಪ್ರತಿ ರಾಜ್ಯದ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕೇಂದ್ರಗಳು ಈ ಪರೀಕ್ಷೆಗೆ ನೆರವಾಗುತ್ತವೆ.

ಸುಣ್ಣ ಸಾಗಿಸುವುದು ಎಟಿವಿ ತಾಕಿನ ಅತ್ಯಂತ ಶ್ರಮದ ಕೆಲಸ. ಎಕರೆಗೆ 900 ಕಿಲೊ ಬೇಕೆಂದು ಪರೀಕ್ಷೆ ಹೇಳಿದರೆ, ಹರಳು ರೂಪದ ಸುಣ್ಣದ 18 ಕಿಲೊದ ಚೀಲಗಳು 50 ಬೇಕು. ಎಕರೆಗೆ ಅದರ ಎರಡರಷ್ಟು ಬೇಕಾದ ನೆಲದಲ್ಲಿ ಹತ್ತು ಗುಂಟೆಯ ತಾಕಿಗೆ 25 ಚೀಲ. ಲಾರಿ ಬರದ ಜಾಗಕ್ಕೆ ಇದನ್ನು ಎಟಿವಿಯ ಟ್ರೇಲರಿನಲ್ಲೇ ಹೊತ್ತು ತರಬೇಕು. ಸುಣ್ಣ ಮಣ್ಣಿನ ಗುಣವನ್ನು ಬದಲಿಸಲು ತಿಂಗಳುಗಳು ಹಿಡಿಯುತ್ತವೆ ಮತ್ತು ಅದು ಮಣ್ಣಿನಲ್ಲಿ ನಿಧಾನವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಬಿತ್ತನೆಗೆ ಆರು ತಿಂಗಳ ಮೊದಲೇ ಎರಚಿ, ಕುಂಟೆಯಿಂದ ಬೆರೆಸುವುದು ಕ್ರಮ. ಡಿಸ್ಕಿನ ಉಪಯೋಗ ಅತಿ ಸ್ಪಷ್ಟವಾಗಿ ಕಾಣುವುದು ಈ ಬೆರೆಸುವ ಕೆಲಸದಲ್ಲಿ.

ಹದಗೊಳಿಸುವ ಕ್ರಮ

ಹಸಿರು ಹುಲ್ಲು ಹಬ್ಬಿದ ನೆಲಕ್ಕೆ ನೇರವಾಗಿ ಡಿಸ್ಕ್ ಇಳಿಸುವುದು ಸಾಮಾನ್ಯ ತಪ್ಪು. ಹುಲ್ಲಿನ ಬೇರುಗಳ ಚಾಪೆಯನ್ನು ಎಟಿವಿಯ ಹಗುರ ಕುಂಟೆ ಕಡಿಯಲಾರದು. ಎಷ್ಟು ಸುತ್ತು ಹೊಡೆದರೂ ಮೇಲ್ಮೈ ಮಾತ್ರ ತರಚುತ್ತದೆ. ಮೊದಲು ಹುಲ್ಲನ್ನು ಗಿಡ್ಡವಾಗಿ ಕತ್ತರಿಸುತ್ತಾರೆ. ಅದು ಮತ್ತೆ ಚಿಗುರಿದಾಗ ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸಿ ಎರಡರಿಂದ ಮೂರು ವಾರ ಬಿಡುತ್ತಾರೆ. ಬೇರು ಸತ್ತು ಸಡಿಲವಾದ ಮೇಲೆ ಅದೇ ಕುಂಟೆ ಸಲೀಸಾಗಿ ಇಳಿಯುತ್ತದೆ. ಸಿಂಪಡಿಸುವಾಗ ವಾಹನದ ವೇಗ ಸ್ಥಿರವಾಗಿರಬೇಕು: ಅದೇ ನಳಿಕೆ, ಅದೇ ಒತ್ತಡದಲ್ಲಿ ವೇಗ ಇಮ್ಮಡಿಯಾದರೆ ನೆಲಕ್ಕೆ ಬೀಳುವ ಔಷಧ ಅರ್ಧಕ್ಕೆ ಇಳಿಯುತ್ತದೆ.

ನಂತರದ್ದು ಹದ ಕಾಯುವುದು. ಮಳೆಯಾಗಿ ಎರಡು ಮೂರು ದಿನ ಕಳೆದ ಮಣ್ಣು ಹಗುರ ಕುಂಟೆಗೆ ಒಪ್ಪುತ್ತದೆ. ಒಣ ಜೇಡಿಯಲ್ಲಿ ಡಿಸ್ಕ್ ಇಳಿಯದು. ಹಸಿ ಜೇಡಿಯಲ್ಲಿ ಇಳಿದರೂ ಮಣ್ಣು ಮಿದ್ದಿಟ್ಟಂತಾಗಿ ಒಣಗಿದಾಗ ಇಟ್ಟಿಗೆಯಂಥ ಹೆಂಟೆ ಉಳಿಯುತ್ತದೆ. ಟ್ರ್ಯಾಕ್ಟರಿನವನು ತೂಕದಿಂದ ಗೆಲ್ಲುವ ಕಡೆ ಎಟಿವಿಯವನು ಹದ ಕಾದೇ ಗೆಲ್ಲಬೇಕು.

ಮೊದಲ ಸುತ್ತುಗಳನ್ನು ಓರೆ ಕಡಿಮೆಯಿಟ್ಟು, ಗಂಟೆಗೆ 5ರಿಂದ 8 ಕಿಲೊಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಮಣ್ಣು ಬಿರಿದಂತೆ ಓರೆ ಹೆಚ್ಚಿಸಿ, ಹಿಂದಿನದಕ್ಕೆ ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಹರಗುತ್ತಾರೆ. 4 ಅಡಿ ಅಗಲದ ಕುಂಟೆ ಗಂಟೆಗೆ 6 ಕಿಲೊಮೀಟರ್ ವೇಗದಲ್ಲಿ ಹತ್ತು ಗುಂಟೆಯನ್ನು ಒಂದು ಸುತ್ತು ಮುಗಿಸಲು ತಿರುವುಗಳೂ ಸೇರಿ ಹತ್ತು ಹನ್ನೆರಡು ನಿಮಿಷ ಸಾಕು. ಹೊಸ ನೆಲಕ್ಕೆ ಎಂಟು ಹತ್ತು ಸುತ್ತು ಬೇಕಾಗುವುದರಿಂದ ಒಟ್ಟು ಎರಡು ಗಂಟೆಯ ಕೆಲಸ. ಎರಡು ಎಕರೆಗೆ ಇದು ಎರಡು ದಿನದ ಕೆಲಸವಾಗುತ್ತದೆ. ಎಟಿವಿ ಬೇಸಾಯದ ಪ್ರಾಯೋಗಿಕ ಮೇಲ್ಮಿತಿ ಅಲ್ಲಿಗೇ ನಿಲ್ಲುತ್ತದೆ.

ಕೆಲವರು ಮೊದಲ ಹರಗುವಿಕೆಯ ಬಳಿಕ ಎರಡು ವಾರ ಬಿಟ್ಟು, ಮೊಳೆತ ಕಳೆಯನ್ನು ಮತ್ತೆ ಹರಗಿ ಕೊಲ್ಲುತ್ತಾರೆ. ಮಣ್ಣು ಮಗುಚಿದಾಗ ವರ್ಷಗಟ್ಟಲೆ ಹುಗಿದಿದ್ದ ಕಳೆಬೀಜ ಬೆಳಕು ಕಂಡು ಮೊಳೆಯುವುದರಿಂದ ಈ ಎರಡನೆಯ ಸುತ್ತು ಫಲಕಾರಿ. ಗೊಬ್ಬರವನ್ನು ಕೊನೆಯ ಹರಗುವಿಕೆಗೆ ಮುಂಚೆ ಎರಚುತ್ತಾರೆ. ಆಮೇಲೆ ಸರಪಳಿ ಕುಂಟೆ, ಅದರ ಹಿಂದೆ ಕಲ್ಟಿಪ್ಯಾಕರ್. ಬಿತ್ತನೆಗೆ ನೆಲ ಸಿದ್ಧವಾಯಿತೇ ಎಂಬುದಕ್ಕೆ ಒಂದು ಹಳೆಯ ಪರೀಕ್ಷೆಯಿದೆ: ಬೂಟುಗಾಲಿನಿಂದ ನಡೆದಾಗ ಹೆಜ್ಜೆ ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗಬಾರದು.

ಸಣ್ಣ ಬೀಜಗಳನ್ನು ಉರುಳೆ ಎಳೆದ ನೆಲದ ಮೇಲೆ ಎರಚಿ ಮತ್ತೊಮ್ಮೆ ಉರುಳೆ ಎಳೆದರೆ ಮುಗಿಯಿತು, ಕುಂಟೆ ಹೊಡೆಯಬಾರದು. ಗೋಧಿ, ಓಟ್ಸ್, ಅಲಸಂದೆಯಂಥ ದಪ್ಪ ಕಾಳುಗಳನ್ನು ಉರುಳೆಗೆ ಮೊದಲು ಎರಚಿ, ಡಿಸ್ಕಿನ ಓರೆಯನ್ನು ಬಹುತೇಕ ನೇರಮಾಡಿ ಮೇಲುಮೇಲೆ ಒಂದು ಸುತ್ತು ಹೊಡೆದು ಮುಚ್ಚುತ್ತಾರೆ. ಎರಡನ್ನೂ ಬೆರೆಸಿ ಬಿತ್ತುವಾಗ ಮೊದಲು ದಪ್ಪ ಕಾಳು, ಆಮೇಲೆ ಸಣ್ಣ ಬೀಜ.

ಬೆಳೆಗಳು

ಬಿಳಿ ಕ್ಲೋವರ್ ಬಹುವಾರ್ಷಿಕ ತಾಕುಗಳ ಆಧಾರ. ಎಕರೆಗೆ 3-4 ಕಿಲೊ ಬೀಜ ಸಾಕು, ಒಮ್ಮೆ ನಿಂತರೆ ಮೂರು ನಾಲ್ಕು ವರ್ಷ ಉಳಿಯುತ್ತದೆ. ಹತ್ತು ಗುಂಟೆಗೆ ಒಂದು ಕಿಲೊಗಿಂತ ಕಡಿಮೆ ಬೀಜವನ್ನು ಸಮವಾಗಿ ಎರಚುವುದು ಕಷ್ಟವಾದ್ದರಿಂದ ಮರಳಿನೊಡನೆ ಬೆರೆಸುತ್ತಾರೆ. ಜೊತೆಗೆ ಬಿತ್ತುವ ಚಿಕೋರಿ ನಮ್ಮಲ್ಲಿ ಕಾಫಿ ಪುಡಿಗೆ ಬೆರೆಸುವ ಬೇರಿನ ಗಿಡವೇ. ಅಲ್ಲಿ ಜಿಂಕೆಗೆ ಬೇಕಾದದ್ದು ಎಲೆ. ಚಳಿಗಾಲಕ್ಕೆ ಗೋಧಿ, ಓಟ್ಸ್, ರೈ ಇವುಗಳನ್ನು ಎಕರೆಗೆ 40-55 ಕಿಲೊದಂತೆ ಎರಚುತ್ತಾರೆ. ಸಾಸಿವೆ ಕುಟುಂಬದ ಟರ್ನಿಪ್, ರೇಪ್, ಮೂಲಂಗಿಗಳಿಗೆ ಎಕರೆಗೆ 2.5-3 ಕಿಲೊ ಸಾಕು. ಮಿಷಿಗನ್, ವಿಸ್ಕಾನ್ಸಿನ್‌ಗಳಂಥ ಉತ್ತರದ ರಾಜ್ಯಗಳಲ್ಲಿ ಇವನ್ನು ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬಿತ್ತುತ್ತಾರೆ. ಜಾರ್ಜಿಯಾ, ಅಲಬಾಮಾಗಳಲ್ಲಿ ಶರತ್ಕಾಲದ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರಿಗೆ ಹೋಗುತ್ತದೆ.

ಬೇಸಿಗೆ ಬೆಳೆಗಳ ಪಟ್ಟಿ ಕನ್ನಡ ರೈತನಿಗೆ ಪರಿಚಿತವೆನಿಸುತ್ತದೆ: ಅಲಸಂದೆ, ಸೋಯಾ, ಜೋಳ, ಸಜ್ಜೆ, ಬರಗು, ಸೂರ್ಯಕಾಂತಿ, ಸಣಬು. ಕೊನೆಯದು ನಮ್ಮಲ್ಲಿ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಬೆಳೆಯೇ. ಸಜ್ಜೆ, ಬರಗು, ಸೂರ್ಯಕಾಂತಿ ಬೆಳವ ಮತ್ತು ಬುರಲಿಗಳಿಗೆ. ಉಳಿದವು ಮುಖ್ಯವಾಗಿ ಜಿಂಕೆಗೆ. ಟರ್ಕಿ ಕೋಳಿಗಳಿಗೆಂದು ಚೂಫಾ ಬೆಳೆಸುತ್ತಾರೆ. ಇದು ನಮ್ಮ ಹೊಲಗಳ ಕೊನ್ನಾರಿಯ ಸೋದರ ಜಾತಿ, ಅದರ ಗಡ್ಡೆಯನ್ನು ಕೋಳಿಗಳು ಕೆದಕಿ ತಿನ್ನುತ್ತವೆ.

ಇವುಗಳ ಜೊತೆಗೆ ಲ್ಯಾಬ್‌ಲ್ಯಾಬ್ ಎಂಬ ಹೆಸರಿನಿಂದ ಮಾರಾಟವಾಗುವ ಬೇಸಿಗೆ ಬೆಳೆ ಕರ್ನಾಟಕದ ಅವರೆಯೇ. ಸಾಂಪ್ರದಾಯಿಕ ಅವರೆ ಹಗಲು ಕಿರಿದಾದಾಗ ಹೂಬಿಡುವ ಸಸ್ಯ. ದಕ್ಷಿಣ ಕರ್ನಾಟಕದಲ್ಲಿ ಅವರೆಕಾಯಿ ಕಾಲ ಡಿಸೆಂಬರ್-ಜನವರಿಗೆ ಬರಲು ಕಾರಣ ಇದೇ. ಅದೇ ಗುಣದಿಂದ ಅಮೆರಿಕದ ದೀರ್ಘ ಹಗಲಿನ ಬೇಸಿಗೆಯಲ್ಲಿ ಅದು ಹೂವಿನ ಗೊಡವೆಯಿಲ್ಲದೆ ತಿಂಗಳುಗಟ್ಟಲೆ ಎಲೆ ಬಿಡುತ್ತದೆ, ಮೇಯ್ದರೆ ಮತ್ತೆ ಚಿಗುರುತ್ತದೆ, ಬರವನ್ನೂ ತಾಳುತ್ತದೆ. ಕೀನ್ಯಾ ಮೂಲದಿಂದ ಆಸ್ಟ್ರೇಲಿಯಾದಲ್ಲಿ ಮೇವಿಗಾಗಿ ಬಿಡುಗಡೆಯಾದ ರೊಂಗಾಯ್ ತಳಿ ಹೆಸರಾದದ್ದು. ಟೆಕ್ಸಸ್‌ನಲ್ಲಿಯೇ ಬೀಜ ಕಟ್ಟಬಲ್ಲ ರಿಯೊ ವರ್ಡೆ ಎಂಬ ತಳಿಯನ್ನು ಅಲ್ಲಿನ ಕೃಷಿ ಸಂಶೋಧಕರು ಅಭಿವೃದ್ಧಿಪಡಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಕಾಯಿ ಕಟ್ಟುವಂಥವು. ಜಿಂಕೆ ಮೇವಿಗೆ ಬೇಕಾದ ಗುಣ ಇದಕ್ಕೆ ನೇರ ವಿರುದ್ಧ.

ಅವರೆ, ಅಲಸಂದೆ, ಸೋಯಾಗಳಿಗೆ ಸಣ್ಣ ತಾಕಿನಲ್ಲಿ ಒಂದು ದೊಡ್ಡ ತೊಡಕಿದೆ. ಮೊಳಕೆ ಎರಡೆಲೆ ಬಿಡುವ ಹೊತ್ತಿಗೇ ಜಿಂಕೆ ಚಿವುಟಿದರೆ ಗಿಡ ಮತ್ತೆ ಏಳುವುದಿಲ್ಲ. ಜಿಂಕೆ ದಟ್ಟವಾಗಿರುವ ಕಡೆ ಒಂದು ಎಕರೆಯ ಸೋಯಾ ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ವಿದ್ಯುತ್ ಬೇಲಿ ಹಾಕದಿದ್ದರೆ ಎಟಿವಿ ಗಾತ್ರದ ತಾಕಿಗೆ ಕ್ಲೋವರ್ ಮತ್ತು ಚಳಿಗಾಲದ ಧಾನ್ಯಗಳೇ ಸರಿ. ಎಷ್ಟು ಮೇಯ್ದಿವೆ ಎಂದು ತಿಳಿಯಲು ತಾಕಿನ ನಡುವೆ ಮೂರು ನಾಲ್ಕು ಅಡಿ ವ್ಯಾಸದ ತಂತಿಬಲೆಯ ಪಂಜರ ನಿಲ್ಲಿಸುತ್ತಾರೆ. ಒಳಗಿನ ಬೆಳೆಗೂ ಹೊರಗಿನದಕ್ಕೂ ಇರುವ ಅಂತರವೇ ಅಳತೆ.

ಸುರಕ್ಷತೆ

ಎಟಿವಿ ಸವಾರನ ಮೈತೂಕದ ಚಲನೆಯಿಂದ ಸಮತೋಲ ಕಾಯ್ದುಕೊಳ್ಳುವ ವಾಹನ. ಹಿಂದೆ ಭಾರ ಕಟ್ಟಿದಾಗ ಮುಂದಿನ ಚಕ್ರ ಹಗುರಾಗುತ್ತದೆ. ಭಾರವನ್ನು ಕೆಳಗಿನ ಕೊಂಡಿಗೆ ಕಟ್ಟದೆ ಮೇಲಿನ ಕ್ಯಾರಿಯರಿಗೆ ಕಟ್ಟಿ ಎಳೆದರೆ, ಕುಂಟೆ ಬೇರಿಗೆ ಸಿಕ್ಕಿಕೊಂಡ ಕ್ಷಣದಲ್ಲಿ ವಾಹನ ಹಿಮ್ಮುಖವಾಗಿ ಸವಾರನ ಮೇಲೆ ಮಗುಚುತ್ತದೆ. ಕೊಂಡಿ ಹಿಂದಿನ ಅಚ್ಚಿಗಿಂತ ಮೇಲಿರಬಾರದು. ತಯಾರಕರು ಬರೆದ ಎಳೆತದ ಮಿತಿಯನ್ನೂ ಕೊಂಡಿಯ ಮೇಲಿನ ತೂಕದ ಮಿತಿಯನ್ನೂ ಮೀರಬಾರದು. ಇಳಿಜಾರಿನಲ್ಲಿ ಅಡ್ಡಲಾಗಿ ಕುಂಟೆ ಎಳೆಯುವುದು, ಟ್ಯಾಂಕಿನಲ್ಲಿ ಅರ್ಧ ನೀರು ತುಳುಕುತ್ತಿರುವಾಗ ತಿರುಗುವುದು ಅಪಾಯಕರ. ಹೆಲ್ಮೆಟ್ ಅಗತ್ಯ. 16 ವರ್ಷದೊಳಗಿನವರು ವಯಸ್ಕರ ಎಟಿವಿ ಓಡಿಸಬಾರದೆಂಬುದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೂಚನೆ.

ಕಾನೂನು ಮತ್ತು ರೋಗ

ಬೆಳೆದು ನಿಂತ ಮೇವಿನ ತಾಕಿಗೂ ನೆಲದ ಮೇಲೆ ಸುರಿದ ಕಾಳಿಗೂ ಕಾನೂನು ಭೇದ ಮಾಡುತ್ತದೆ. ವಲಸೆ ಹಕ್ಕಿಗಳ 1918ರ ಒಪ್ಪಂದ ಕಾಯಿದೆಯ ನಿಯಮಗಳಂತೆ, ನಿಂತ ಬೆಳೆಯನ್ನು ಕತ್ತರಿಸಿ ಕಾಳು ಉದುರಿಸಿದ ಹೊಲದಲ್ಲಿ ಬೆಳವವನ್ನು ಬೇಟೆಯಾಡಬಹುದು, ಬಾತುಕೋಳಿಯನ್ನು ಆಡುವಂತಿಲ್ಲ. ಜಿಂಕೆಯ ವಿಷಯ ರಾಜ್ಯಗಳಿಗೆ ಸೇರಿದ್ದು, ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಜಿಂಕೆ ಜಾತಿಗಳ ಮಿದುಳನ್ನು ನಾಶಮಾಡುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಪ್ರಿಯಾನ್ ರೋಗ 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಾಯಿತು. ಇಂದು ಅದು 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಜೊಲ್ಲು ಮತ್ತು ಮಲಮೂತ್ರದ ಮೂಲಕ ಹರಡುವುದರಿಂದ, ಜಿಂಕೆಗಳು ಒಂದೇ ಗುಪ್ಪೆಗೆ ಬಾಯಿ ಹಾಕುವಂತೆ ಕಾಳು ಸುರಿಯುವುದನ್ನು ರೋಗ ಕಂಡ ಅನೇಕ ಪ್ರದೇಶಗಳಲ್ಲಿ ನಿಷೇಧಿಸಿದ್ದಾರೆ. ಬಿತ್ತಿ ಬೆಳೆದ ತಾಕನ್ನು ಸಾಮಾನ್ಯವಾಗಿ ಕೃಷಿಯೆಂದು ಪರಿಗಣಿಸಿ ಈ ನಿಷೇಧದಿಂದ ಹೊರಗಿಡುತ್ತಾರೆ. ಆದರೆ ತಾಕು ಚಿಕ್ಕದಾದಷ್ಟೂ ಪ್ರಾಣಿಗಳು ಒತ್ತಟ್ಟಿಗೆ ಸೇರುತ್ತವೆ ಎಂಬುದನ್ನು ಹತ್ತು ಗುಂಟೆಯ ತಾಕು ಮಾಡುವವರು ಗಮನದಲ್ಲಿಡಬೇಕು.

ಇಂದಿನ ಸ್ಥಿತಿ

ಟೆನೆಸ್ಸಿ ವಿಶ್ವವಿದ್ಯಾಲಯದ ಕ್ರೇಗ್ ಹಾರ್ಪರ್ ಮೊದಲಾದ ವನ್ಯಜೀವಿ ತಜ್ಞರು, ತಾಕು ಕಾಡಿನ ಸಹಜ ಮೇವಿಗೆ ಪೂರಕವೇ ಹೊರತು ಬದಲಿಯಲ್ಲ ಎಂದು ಬೋಧಿಸುತ್ತ ಬಂದಿದ್ದಾರೆ. ಮರ ತೆಳುವಾಗಿಸಿ ಬಿಸಿಲು ಬಿಡುವುದು, ನಿಯಂತ್ರಿತ ಬೆಂಕಿ ಹಾಕುವುದು ತಾಕಿಗಿಂತ ಬಹಳ ವಿಶಾಲವಾದ ನೆಲದಲ್ಲಿ ಮೇವು ಹೆಚ್ಚಿಸುತ್ತವೆ. ಈ ತೀರ್ಮಾನ ಸರಿಯಾದದ್ದು. ಕೆಲವು ಗುಂಟೆಯ ಕ್ಲೋವರಿನಿಂದ ನೂರಾರು ಎಕರೆಯ ಜಿಂಕೆಗಳ ಹೊಟ್ಟೆ ತುಂಬುವುದಿಲ್ಲ.

ಉಳುಮೆಯ ಬಗ್ಗೆಯೂ ನಿಲುವು ಬದಲಾಗಿದೆ. ಪ್ರತಿ ವರ್ಷ ಹರಗಿದರೆ ತೇವ ಆರುತ್ತದೆ, ಸಾವಯವ ಅಂಶ ಕರಗುತ್ತದೆ, ಕಳೆಬೀಜ ಮೇಲೆ ಬರುತ್ತದೆ, ಇಳಿಜಾರಿನ ಮಣ್ಣು ಕೊಚ್ಚಿಹೋಗುತ್ತದೆ. ಬೆಳೆದು ನಿಂತ ರೈ ಅಥವಾ ಹುಲ್ಲಿನ ನಡುವೆ ಬೀಜ ಎರಚಿ, ಅದನ್ನು ಕತ್ತರಿಸಿ ಅಥವಾ ಉರುಳೆಯಿಂದ ಮಲಗಿಸಿ ಹೊದಿಕೆ ಮಾಡುವ ವಿಧಾನ ಹಬ್ಬುತ್ತಿದೆ. ಸಣ್ಣ ಬೀಜಗಳಿಗೆ, ಧಾನ್ಯಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇದಕ್ಕೆ ಬೇಕಾದ ಸಿಂಪಡಿಕೆ, ಎರಚುಕ, ಉರುಳೆ ಮೂರನ್ನೂ ಎಟಿವಿ ಸುಲಭವಾಗಿ ಎಳೆಯಬಲ್ಲದ್ದರಿಂದ, ಡಿಸ್ಕ್ ಕುಂಟೆಯ ಕೆಲಸ ಹೊಸ ನೆಲ ಒಡೆಯುವುದಕ್ಕೂ ಸುಣ್ಣ ಬೆರೆಸುವುದಕ್ಕೂ ಸೀಮಿತವಾಗುತ್ತಿದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿರುವುದರಿಂದ ಬೇಟೆ ತಾಕು ಎಂಬುದಕ್ಕೆ ಎಡೆಯಿಲ್ಲ. ಕರ್ನಾಟಕದ ಸಂರಕ್ಷಿತ ಕಾಡುಗಳಲ್ಲಿ ಮೇವಿನ ಕೆಲಸವೆಂದರೆ ಲಂಟಾನ ಕಿತ್ತು ಸ್ಥಳೀಯ ಹುಲ್ಲು ಮರಳುವಂತೆ ಮಾಡುವುದು, ನಾಗರಹೊಳೆಯ ಹಡ್ಲುಗಳಂಥ ತಗ್ಗಿನ ಹುಲ್ಲುಬಯಲುಗಳನ್ನು ಪೊದೆ ಮುಚ್ಚದಂತೆ ಕಾಯುವುದು. ಅಲ್ಲಿ ಹೊರಗಿನ ಬೆಳೆ ಬಿತ್ತುವುದಿಲ್ಲ.